ಕರುಳು ಹೊರಗಿಡಲು ದುಡ್ಡುಂಟು, ಬ್ಯಾಗಿಗಿಲ್ಲ

ಹೊಟ್ಟೆ ಕೊಯ್ದು ಕರುಳಿನ ತುದಿಯನ್ನು ಹೊರಗೆ ತಂದು ಹೊಲಿಯುವುದಕ್ಕೆ ಸರ್ಕಾರಿ ವಿಮೆಯಲ್ಲಿ ದುಡ್ಡಿದೆ. ಆ ತುದಿಯಿಂದ ಬರುವುದನ್ನು ಹಿಡಿದಿಡುವ ಬ್ಯಾಗಿಗೆ ಇಲ್ಲ. ಇದ್ದ ಕಡೆಯೂ ಲೆಕ್ಕ ಹಾಕಿ, ಚೀಟಿ ಕೇಳಿ, ಸಹಿ ಕೇಳಿ, ಆಮೇಲೆ ಅದೇ ಚೀಟಿ ಹಳೆಯದಾಯಿತು ಅಂತ ವಾಪಸ್ ಕಳಿಸಿ, ಕೊನೆಗೂ ಮಂಜೂರು ಮಾಡುವಷ್ಟರಲ್ಲಿ ಮನುಷ್ಯ ಸಾಲ ಮಾಡಿ ಕೊಂಡು ಬಳಸಿ ಎಸೆದಾಗಿರುತ್ತದೆ. ಈ ನಿಯಮ ಬರೆದವರಲ್ಲಿ ಒಬ್ಬರಾದರೂ ಒಂದೇ ಒಂದು ರಾತ್ರಿ, ಬ್ಯಾಗ್ ಸೋರಿದ ಹಾಸಿಗೆಯ ಮೇಲೆ ಎದ್ದು ಕೂತಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ನನಗಿರುವುದು ಇಲಿಯೋಸ್ಟಮಿ. ದೊಡ್ಡ ಕರುಳನ್ನು ತೆಗೆದು ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದಿಟ್ಟಿದ್ದಾರೆ. ಆ ಕೆಂಪು ತುದಿಗೆ ಸ್ಟೋಮಾ ಅಂತಾರೆ. ಮುಟ್ಟಿದರೆ ನೋವಾಗುವುದಿಲ್ಲ, ಅಲ್ಲಿ ನೋವು ತಿಳಿಸುವ ನರಗಳಿಲ್ಲ. ಬಿಗಿಹಿಡಿಯುವ ಸ್ನಾಯುವೂ ಇಲ್ಲ. ಹಾಗಾಗಿ "ಸ್ವಲ್ಪ ತಡ್ಕೊಳ್ಳಿ" ಅನ್ನುವ ಮಾತು ನಮಗೆ ಅನ್ವಯಿಸುವುದಿಲ್ಲ. ಊಟ ಮಾಡುವಾಗ, ನಿದ್ದೆಯಲ್ಲಿ, ಕ್ಯೂನಲ್ಲಿ ನಿಂತಾಗ, ಅದರ ಪಾಡಿಗೆ ಅದು ಬರುತ್ತಲೇ ಇರುತ್ತದೆ. ದಿನಕ್ಕೆ ಅರ್ಧ ಲೀಟರಿಗೂ ಮೇಲೆ, ಅದೂ ನೀರುನೀರಾಗಿ. ಜೀರ್ಣರಸ ಸೇರಿರುವುದರಿಂದ ಚರ್ಮಕ್ಕೆ ತಾಗಿದರೆ ಚರ್ಮವನ್ನೂ ತಿನ್ನಲು ಶುರುಮಾಡುತ್ತದೆ. ಹೇಸಿಗೆ ಅನ್ನಿಸಿದರೆ ಮುಂದೆ ಓದಬೇಡಿ. ನಮಗೆ ಓದುವುದನ್ನು ನಿಲ್ಲಿಸುವ ಸೌಕರ್ಯವಿಲ್ಲ.

ಇಷ್ಟನ್ನು ವಿಮೆಯ ಕೌಂಟರಿನಲ್ಲಿ ನಿಂತು, ಹಿಂದೆ ಹತ್ತು ಜನ ಕಿವಿ ಚುರುಕು ಮಾಡಿಕೊಂಡಿರುವಾಗ ಹೇಳಬೇಕು. ಹೇಳಿದ ಮೇಲೆ ಸಿಕ್ಕ ಉತ್ತರ ಏನು ಗೊತ್ತಾ? "ಬ್ಯಾಗು ಪ್ಯಾಕೇಜಲ್ಲಿ ಬರಲ್ಲ ಮೇಡಂ. ಅದು ಕನ್ಸ್ಯೂಮಬಲ್. ಹತ್ತಿ, ಗ್ಲೌಸು ಇದ್ದಂಗೆ." ಹತ್ತಿ! ಗ್ಲೌಸು! ಅಲ್ಲ ಸ್ವಾಮಿ, ಡಾಕ್ಟರು ಗ್ಲೌಸು ಬಿಚ್ಚಿ ಬುಟ್ಟಿಗೆ ಹಾಕಿ ಮನೆಗೆ ಹೋಗುತ್ತಾರೆ. ನಾನು ಬ್ಯಾಗು ಬಿಚ್ಚಿ ಎಲ್ಲಿಗೆ ಹೋಗಲಿ? ಕೌಂಟರಿನ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವಳ ಎದುರಿನ ಪರದೆ ತೋರಿಸಿದ್ದನ್ನು ಓದಿದಳು. ಆ ಪರದೆಗೆ ಅದನ್ನು ತುಂಬಿದವರು ಯಾರೋ ಇದ್ದಾರಲ್ಲ, ಅವರು ಬೇಕು ನನಗೆ.

ಗೋಳಿನ ಮೂಲ ಎಲ್ಲಿದೆ ಅಂತ ಈಗ ಅರ್ಥವಾಗಿದೆ. ಬಹುಪಾಲು ಸರ್ಕಾರಿ ವಿಮೆಗಳು ಲೆಕ್ಕ ಹಾಕುವುದು ಅಡ್ಮಿಟ್ ಆದ ದಿನದಿಂದ ಡಿಸ್ಚಾರ್ಜ್ ತನಕ. ಒಂದು ಕಾಯಿಲೆ, ಒಂದು ಆಪರೇಷನ್, ಒಂದು ಬಿಲ್ಲು, ಫೈಲು ಮುಚ್ಚಿತು. ಸ್ಟೋಮಾದ ಖರ್ಚು ಶುರುವಾಗುವುದೇ ಡಿಸ್ಚಾರ್ಜ್ ಆದ ಮೇಲೆ, ಮುಗಿಯುವುದು ನಾನು ಮುಗಿದಾಗ. ಮನೆ ಕಟ್ಟಿಸಿಕೊಟ್ಟು, ಬಚ್ಚಲ ನೀರು ಹೋಗಲು ಮೋರಿ ಮಾತ್ರ ಯೋಜನೆಯಲ್ಲಿಲ್ಲ ಅಂದರೆ ಹೇಗೆ?

ಭಾರತದ ಆಯುಷ್ಮಾನ್ ಭಾರತ್ ಯೋಜನೆಯನ್ನೇ ತೆಗೆದುಕೊಳ್ಳಿ. 2018ರ ಸೆಪ್ಟೆಂಬರಿನಲ್ಲಿ ಶುರುವಾದದ್ದು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆ. ಆಪರೇಷನ್ನಿಗೆ ಆಸ್ತಿ ಮಾರಬೇಕಿದ್ದ ಎಷ್ಟೋ ಮನೆಗಳು ಅದರಿಂದ ಉಳಿದಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಆಸ್ಪತ್ರೆವಾಸಕ್ಕೆ ಕಟ್ಟಿದ ಯೋಜನೆ. ದಾಖಲಾಗುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನ, ಅಲ್ಲಿಗೆ ಗೆರೆ. ಈಗ ಸ್ಟೋಮಾದ ಕಡೆಯಿಂದ ನೋಡಿ. ಹೊಸ ಸ್ಟೋಮಾ ಊದಿಕೊಂಡಿರುತ್ತದೆ, ಅದು ಕುಗ್ಗಿ ತನ್ನ ಖಾಯಂ ಅಳತೆಗೆ ಬರಲು 6ರಿಂದ 8 ವಾರ ಬೇಕು. ಅಷ್ಟು ದಿನವೂ ಅಳತೆಪಟ್ಟಿ ಇಟ್ಟು ನೋಡಿ, ಬ್ಯಾಗನ್ನು ಹಿಡಿದಿಡಲು ಚರ್ಮಕ್ಕೆ ಅಂಟಿಸುವ ಪ್ಲೇಟಿನಲ್ಲಿ ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ರಂಧ್ರ ಕತ್ತರಿಸಬೇಕು. ಕಳೆದ ವಾರ ಸರಿಹೋದದ್ದು ಈ ವಾರ ದೊಡ್ಡದಾಗುತ್ತದೆ, ಸಂದಿಯಲ್ಲಿ ಸೋರುತ್ತದೆ, ಚರ್ಮ ಕಿತ್ತುಹೋಗುತ್ತದೆ. ಅಂದರೆ ಅತಿ ಹೆಚ್ಚು ಪ್ಲೇಟು ಹಾಳಾಗುವ, ಅತಿ ಹೆಚ್ಚು ಸಹಾಯ ಬೇಕಾದ ಹೊತ್ತಿನಲ್ಲೇ ವಿಮೆಯ ಗೆರೆ ದಾಟಿಹೋಗಿರುತ್ತದೆ. 15 ಅನ್ನುವ ಸಂಖ್ಯೆ ಯಾವ ಗಾಯವನ್ನು ನೋಡಿ ಇಟ್ಟದ್ದೋ ಕಾಣೆ, ಸ್ಟೋಮಾವನ್ನು ನೋಡಿ ಅಂತೂ ಅಲ್ಲ.

ಬೇರೆ ಮಾಡಲಾಗುವುದೇ ಇಲ್ಲವೇ ಅಂದರೆ, ಮಾಡಿದವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 1975ರಿಂದಲೂ ಸ್ಟೋಮಾ ಇರುವವರಿಗೆಂದೇ ಬೇರೆ ಸರ್ಕಾರಿ ಯೋಜನೆ ಇದೆ. ಸ್ಟೋಮಾದವರ ಸಂಘವೊಂದಕ್ಕೆ ವರ್ಷದ ಸದಸ್ಯತ್ವ ಶುಲ್ಕ ಕಟ್ಟಿದರೆ ಬ್ಯಾಗು, ಪ್ಲೇಟುಗಳು ಸಂಘದ ಮೂಲಕ ಬರುತ್ತವೆ, ಸಾಮಾನಿನ ದುಡ್ಡು ಸರ್ಕಾರದ್ದು. ಅಲ್ಲೂ ಗೊಣಗುವವರಿರುತ್ತಾರೆ, ತಿಂಗಳ ಮಿತಿಯೂ ಇದೆ. ಆದರೂ ಈ ಜನರ ಖರ್ಚು ಜೀವಮಾನದ್ದು ಅಂತ ಒಪ್ಪಿಕೊಂಡು ಶುರುಮಾಡಿದ್ದಾರಲ್ಲ, ಅಷ್ಟು ಸಾಕು ನನಗೆ ಹೊಟ್ಟೆಕಿಚ್ಚು ಪಡಲು.

ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ) ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಲೊಸ್ಟಮಿ ಬ್ಯಾಗನ್ನು, ಅಂದರೆ ದೊಡ್ಡ ಕರುಳಿನ ಸ್ಟೋಮಾಕ್ಕೆ ಹಾಕುವ ಬ್ಯಾಗನ್ನು, ಒಳಗಿನ ಅಂಗದ ಬದಲಿಗೆ ಕೆಲಸ ಮಾಡುವ ಸಾಧನಗಳ ಸಾಲಿಗೆ ಸೇರಿಸಿದೆ. ಕೃತಕ ಅಂಗ ಅಂತಲೇ. ಓದಿದಾಗ ಎದ್ದು ನಿಂತು ಚಪ್ಪಾಳೆ ತಟ್ಟೋಣ ಅನ್ನಿಸಿತ್ತು. ಮುಂದೆ ಓದಿದರೆ ಅದೇ ಹಾಡು. ಪ್ರತಿ ವರ್ಷ ಮೊದಲ ಒಂದಿಷ್ಟು ಖರ್ಚನ್ನು ರೋಗಿಯೇ ಕಟ್ಟಬೇಕು, ಆಮೇಲೆ ಒಪ್ಪಿದ ಬೆಲೆಯಲ್ಲೂ ನೂರಕ್ಕೆ 20 ಪಾಲು ರೋಗಿಯದ್ದೇ. ಕೆಳಗೆ ತೆರೆದು ಖಾಲಿ ಮಾಡುವ ಬ್ಯಾಗು ಸಾಮಾನ್ಯವಾಗಿ ತಿಂಗಳಿಗೆ 20, ಮುಚ್ಚಿದ ಬ್ಯಾಗಾದರೆ 60. ಸಂಖ್ಯೆ ಕೆಟ್ಟದ್ದಲ್ಲ, ಎಲ್ಲವೂ ಸರಿಯಿದ್ದಾಗ ಸಾಕಾಗುತ್ತದೆ. ಎಲ್ಲವೂ ಸರಿಯಿಲ್ಲದಾಗ? ಆಗ ಹೆಚ್ಚು ಏಕೆ ಬೇಕು ಅಂತ ಡಾಕ್ಟರ ದಾಖಲೆಯಲ್ಲಿ ಬರೆದಿರಬೇಕು. ಇನ್ನೊಂದು ವಿಚಿತ್ರ ಕೇಳಿ: ಅದೇ ಮೆಡಿಕೇರ್ ಲೆಕ್ಕದಲ್ಲಿ ಮನೆಗೆ ನರ್ಸ್ ಬಂದು ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ, ಅಷ್ಟು ದಿನ ಬ್ಯಾಗನ್ನು ಆ ನರ್ಸ್ ಕಳಿಸುವ ಸಂಸ್ಥೆಯೇ ಕೊಡಬೇಕು. ಮಾಮೂಲಿ ಅಂಗಡಿಯವನು ಕಳಿಸಿ ಬಿಲ್ ಹಾಕಿದರೆ ತಿರಸ್ಕಾರ. ನರ್ಸ್ ಬರುತ್ತಿರುವುದು ಮಂಡಿ ನೋವಿಗೇ ಆಗಿರಲಿ! ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಇದನ್ನೆಲ್ಲ ಮೊದಲೇ ತಿಳಿದುಕೊಂಡು, ಮಂಡಿ ನೋವಿನ ನರ್ಸಿಗೆ ನನ್ನ ಹೊಟ್ಟೆಯ ಬ್ಯಾಗಿನ ಜವಾಬ್ದಾರಿ ನಿನ್ನದೇ ಅಂತ ಹೇಳಬೇಕು ಅಂತ ನಿರೀಕ್ಷೆ.

ಇಂಗ್ಲೆಂಡಿನದು ನಗು ಬರಿಸುವಂಥದ್ದು. ಅಲ್ಲಿ ಖಾಯಂ ಸ್ಟೋಮಾ ಇದ್ದವರಿಗೆ ಔಷಧ ಚೀಟಿಯ ಶುಲ್ಕ ಮಾಫಿ, ಬ್ಯಾಗು ಚೀಟಿಯ ಮೇಲೆಯೇ ಸಿಗುತ್ತದೆ. ಮಾಫಿಯ ಪ್ರಮಾಣಪತ್ರದ ಅವಧಿ ಮಾತ್ರ 5 ವರ್ಷ. ಖಾಯಂ ಅಂತ ಅವರೇ ಬರೆದ ಮೇಲೆ, ಐದು ವರ್ಷಕ್ಕೊಮ್ಮೆ ಮತ್ತೆ ಅರ್ಜಿ. ನನ್ನ ಅನುಭವಕ್ಕೆ ಹೋಲಿಸಿದರೆ ಅದು ಸ್ವರ್ಗ. ಪ್ಯಾಕೇಜಲ್ಲಿಲ್ಲದ ಬ್ಯಾಗಿಗೆ ಬೇರೆಯಾಗಿ ಅರ್ಜಿ ಹಾಕುವ ನನಗೆ ಪ್ರತಿ ವರ್ಷ ಕೇಳುತ್ತಾರೆ, ಸ್ಟೋಮಾ "ಈಗಲೂ ಇದೆ" ಅಂತ ಸರ್ಟಿಫಿಕೇಟ್ ತನ್ನಿ ಅಂತ. ತಾತ್ಕಾಲಿಕ ಸ್ಟೋಮಾಗಳಿವೆ, ಕೆಲವು ತಿಂಗಳಾದ ಮೇಲೆ ಕರುಳನ್ನು ಮತ್ತೆ ಜೋಡಿಸಿ ಒಳಗೆ ಹಾಕುತ್ತಾರೆ, ಅವರನ್ನು ಕೇಳಲಿ, ನ್ಯಾಯ. ನನ್ನ ಡಿಸ್ಚಾರ್ಜ್ ಚೀಟಿಯ ಮೊದಲ ಸಾಲಿನಲ್ಲೇ ಶಾಶ್ವತ ಅಂತಿದೆ. ತೆಗೆದ ಕರುಳು ಮತ್ತೆ ಚಿಗುರುತ್ತದೆ ಅಂತ ಯಾರಾದರೂ ಕಂಡುಹಿಡಿದಿದ್ದರೆ ನನಗೂ ತಿಳಿಸಿ, ಮೊದಲ ಕ್ಯೂ ನನ್ನದೇ.

ಬ್ಯಾಗು ಸಿಕ್ಕರೆ ಮುಗಿಯಿತು ಅಂತಲೂ ಅಲ್ಲ. ಬ್ಯಾಗು ಚರ್ಮಕ್ಕೆ ಸರಿಯಾಗಿ ಅಂಟಲು ಎಷ್ಟೋ ಜನರಿಗೆ ಪೇಸ್ಟ್ ಬೇಕು, ರಿಂಗ್ ಬೇಕು, ಚರ್ಮ ಹಸಿಯಾಗಿದ್ದರೆ ಪೌಡರ್ ಬೇಕು, ಬೆಲ್ಟ್ ಬೇಕು. ಸ್ಟೋಮಾ ಚರ್ಮದ ಮಟ್ಟಕ್ಕೆ ಇಳಿದಿದ್ದರೆ ಚಪ್ಪಟೆ ಪ್ಲೇಟು ಕೆಲಸಕ್ಕೆ ಬಾರದು, ಒಳಗೆ ಉಬ್ಬಿರುವ ಕಾನ್ವೆಕ್ಸ್ ಪ್ಲೇಟು ಬೇಕು, ಅದು ಸುತ್ತಲಿನ ಚರ್ಮವನ್ನು ಒತ್ತಿ ಸ್ಟೋಮಾವನ್ನು ಮೇಲಕ್ಕೆ ತರುತ್ತದೆ. ನನ್ನದು ಅಂಥದ್ದು. ಅರ್ಜಿ ಹಾಕಿದರೆ ಮಂಜೂರು ಮಾಡಬಹುದಾದ ಸಾಮಾನಿನ ಪಟ್ಟಿಯಲ್ಲಿರುವುದು ಚಪ್ಪಟೆಯದು. "ಎರಡೂ ಪ್ಲೇಟೇ ಅಲ್ವಾ?" ಅಂತ ಕೇಳಿದರು ಸಹಾಯವಾಣಿಯಲ್ಲಿ. ಕಾಲಿಗೆ ಎರಡು ಸೈಜ್ ಚಿಕ್ಕ ಚಪ್ಪಲಿ ಕೊಟ್ಟರೆ ಕನಿಷ್ಠ ಬರಿಗಾಲಲ್ಲಿ ನಡೆಯಬಹುದಿತ್ತು. ಇಲ್ಲಿ ಆ ದಾರಿಯೂ ಇಲ್ಲ.

ಸಹಾಯವಾಣಿಯವರ ಇನ್ನೊಂದು ಸಲಹೆ: ತೊಳೆದು ಮತ್ತೆ ಬಳಸಿ. ಪ್ಲೇಟು ಬೇರೆ, ಚೀಲ ಬೇರೆ ಇರುವ ಎರಡು ಭಾಗದ ಬ್ಯಾಗಿನಲ್ಲಿ ಚೀಲವನ್ನು ತೊಳೆದು ದಿನ ದೂಡುವವರು ಬೇಕಾದಷ್ಟು ಜನ ಇದ್ದಾರೆ, ಕಾಸಿಲ್ಲದ ಕಷ್ಟಕ್ಕೆ. ಅದು ಅವರ ಕಷ್ಟ. ಅದನ್ನೇ ಸರ್ಕಾರದ ಕಡೆಯವರು ಉಪಾಯ ಅಂತ ಹೇಳಿಕೊಡುವುದು ಬೇರೆ. ಪ್ಲೇಟಿನ ಅಂಟು ತೊಳೆದರೆ ಉಳಿಯುವುದಿಲ್ಲ, ಅದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಲೇಬೇಕು. ಉಳಿಸೋಣ ಅಂತ ಇನ್ನೆರಡು ದಿನ ಎಳೆದರೆ ಅಂಚಿನಡಿ ಸೋರಿ, ತೆಗೆಯುವಾಗ ಚರ್ಮವೂ ಜೊತೆಗೇ ಬರುತ್ತದೆ. ಹಸಿ ಗಾಯದ ಮೇಲೆ ಹೊಸ ಪ್ಲೇಟೂ ಅಂಟುವುದಿಲ್ಲ. ಆಗ ದಿನಕ್ಕೊಂದು ಬೇಕಾಗುತ್ತದೆ. ಒಂದು ಪ್ಲೇಟು ಉಳಿಸಲು ಹೋಗಿ ನಾಲ್ಕು ಹಾಳು.

ನಮ್ಮಲ್ಲಿ ಬಹಳ ಜನ ಇನ್ನೊಂದು ಮಾಡುತ್ತಾರೆ, ಇದನ್ನು ಹೇಳಲೇಬೇಕು. ಬ್ಯಾಗು ಉಳಿಸಲು ತಿನ್ನುವುದನ್ನೇ ಬಿಡುತ್ತಾರೆ. ಹೊರಗೆ ಹೋಗುವ ದಿನ ನೀರೂ ಕುಡಿಯುವುದಿಲ್ಲ. ದೊಡ್ಡ ಕರುಳಿಲ್ಲದ ದೇಹಕ್ಕೆ ನೀರು, ಉಪ್ಪು ಹಿಡಿದಿಟ್ಟುಕೊಳ್ಳುವ ಶಕ್ತಿ ಮೊದಲೇ ಕಮ್ಮಿ. ತಲೆ ಸುತ್ತಿ ಬೀಳುತ್ತಾರೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಹಾ, ಸೇರಿಸಿದರೆ ವಿಮೆ ಬರುತ್ತದೆ! ಡ್ರಿಪ್ಪು, ಬೆಡ್ಡು, ಡಾಕ್ಟರ್ ಫೀಸು ಎಲ್ಲಕ್ಕೂ ಬರುತ್ತದೆ. ನಾನು ಮನೆಯಲ್ಲಿ ಆರೋಗ್ಯವಾಗಿದ್ದರೆ ಒಂದು ಪೈಸೆ ಇಲ್ಲ, ಬಿದ್ದರೆ ಸಾವಿರಾರು. ಇದನ್ನು ಉಳಿತಾಯ ಅಂತ ಯಾವ ಲೆಕ್ಕಿಗ ಬರೆದುಕೊಂಡನೋ.

1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೋರೆನ್ಸನ್ ಅನ್ನುವ ನರ್ಸ್, ಸ್ಟೋಮಾ ಆದ ತನ್ನ ಒಡಹುಟ್ಟಿದವಳು ಸೋರುವ ಭಯಕ್ಕೆ ಮನೆ ಬಿಟ್ಟು ಹೊರಗೇ ಹೋಗದಿರುವುದನ್ನು ನೋಡಿ, ಮೈಗೆ ಅಂಟಿಸಿಕೊಂಡು ಬಳಸಿ ಎಸೆಯುವ ಬ್ಯಾಗಿನ ಕಲ್ಪನೆ ಮಾಡಿದಳು. ಬ್ಯಾಗು ಏಕೆ ಬೇಕು ಅಂತ ಅವಳಿಗೆ ಯಾರೂ ಫಾರಂ ತುಂಬಿ ವಿವರಿಸಲಿಲ್ಲ. ನೋಡಿದಳು, ತಿಳಿಯಿತು. ಈಗ ನೋಡಿದರೆ ಅದೇ ಬ್ಯಾಗಿಗೆ "ವೈದ್ಯಕೀಯವಾಗಿ ಅಗತ್ಯವೆಂದು ಸಾಬೀತಾಗಿಲ್ಲ" ಅಂತ ಬರೆದ ಒಂದು ಸಾಲಿನ ಉತ್ತರ ನನ್ನ ಫೋನಿಗೆ ಬಂದು ಕೂತಿದೆ. ಸಹಿ ಇಲ್ಲ, ಹೆಸರಿಲ್ಲ, ಏನು ಸಾಬೀತು ಮಾಡಬೇಕಿತ್ತು ಅಂತಲೂ ಇಲ್ಲ.

ಈ ಸಲ ನಾನು ಸುಮ್ಮನಿರುವುದಿಲ್ಲ. ತಿರಸ್ಕರಿಸಿದ ಕಾರಣವನ್ನು ನಿಯಮದ ಸಂಖ್ಯೆ ಸಮೇತ ಬರಹದಲ್ಲಿ ಕೊಡಿ ಅಂತ ಕೇಳಿದ್ದೇನೆ, ಮೇಲ್ಮನವಿ ಎಲ್ಲಿ ಹಾಕಬೇಕು, ಎಷ್ಟು ದಿನದೊಳಗೆ ಅಂತಲೂ. ಫೋನಿನಲ್ಲಿ ಹೇಳಿದ್ದು ಯಾವುದೂ ಲೆಕ್ಕಕ್ಕಿಲ್ಲ, ನಾಳೆ "ನಾವು ಹಾಗಂದಿಲ್ಲ" ಅಂದರೆ ಮುಗಿಯಿತು. ಸ್ಟೋಮಾದ ಅಳತೆ, ಅದು ಚರ್ಮದ ಮಟ್ಟಕ್ಕೆ ಇಳಿದಿರುವುದು, ಚಪ್ಪಟೆ ಪ್ಲೇಟು ಎಷ್ಟು ಹೊತ್ತಿಗೆ ಸೋರುತ್ತದೆ ಎಂಬುದು, ಹುಣ್ಣಾದ ಚರ್ಮದ ಫೋಟೋ, ಎಲ್ಲವನ್ನೂ ಫೈಲಿಗೆ ಹಾಕಿಸುತ್ತಿದ್ದೇನೆ. ನನ್ನ ಹೊಟ್ಟೆಯ ಫೋಟೋ ಯಾವ ಗುಮಾಸ್ತರ ಮೇಜಿನ ಮೇಲೆ ಬೀಳುತ್ತದೋ ಬೀಳಲಿ, ನಾಚಿಕೆ ನನ್ನದಲ್ಲ.

ಸರ್ಕಾರಿ ವಿಮೆಯಲ್ಲಿ ಕಾನ್ವೆಕ್ಸ್ ಪ್ಲೇಟು ಮಂಜೂರಾದವರು ಯಾರಾದರೂ ಇದ್ದರೆ, ನಿಮ್ಮ ಡಾಕ್ಟರು ಚೀಟಿಯಲ್ಲಿ ಏನು ಬರೆದಿದ್ದರು ಅಂತ ದಯವಿಟ್ಟು ಹೇಳಿ. ಪದಕ್ಕೆ ಪದ ಹಾಗೇ ಬೇಕು. ನಮ್ಮ ಡಾಕ್ಟರು ಬರೆದುಕೊಡಲು ತಯಾರಿದ್ದಾರೆ, ಆ ಪರದೆ ಯಾವ ಮಾತನ್ನು ಒಪ್ಪುತ್ತದೆ ಅನ್ನುವುದು ಅವರಿಗೂ ಗೊತ್ತಿಲ್ಲ.