ತಾರೀಖಿನ ದಾರಿಯಲ್ಲಿ ಪಾರಂಪರಿಕ ನಡಿಗೆ

2023ರ ಮೇ ತಿಂಗಳಲ್ಲಿ ರಚನೆಯಾದ ರಾಜ್ಯ ಸಚಿವ ಸಂಪುಟದಲ್ಲಿ ಗದಗಿನ ಶಾಸಕರಾದ ಎಚ್.ಕೆ. ಪಾಟೀಲರಿಗೆ ಕಾನೂನು ಮತ್ತು ಪ್ರವಾಸೋದ್ಯಮ ಎರಡೂ ಖಾತೆಗಳು ಒಟ್ಟಿಗೆ ದೊರೆತಾಗ, ಇದೆಂಥ ಜೋಡಿ ಎಂದು ಬೆಂಗಳೂರಿನ ಕೆಲವರಾದರೂ ಹುಬ್ಬೇರಿಸಿರಬಹುದು. ಧಾರವಾಡ, ಗದಗ, ಹಾವೇರಿ ಕಡೆಯ ಕಕ್ಷಿದಾರರಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. ನಸುಕಿನ ಬಸ್ಸು ಹಿಡಿದು, ರೊಟ್ಟಿಬುತ್ತಿ ಕಟ್ಟಿಕೊಂಡು, ದೂರದ ಊರಿನ ಒಂದು ದೊಡ್ಡ ಕಟ್ಟಡದ ಮುಂದೆ ಸಂಜೆಯವರೆಗೆ ನಿಂತು, ಒಳಗೆ ಏನು ನಡೆಯಿತೆಂಬುದು ತಿಳಿಯದೆ ಮರಳಿ ಬರುವುದನ್ನು ಒಂದು ಖಾತೆಯವರು ಪ್ರವಾಸವೆನ್ನುತ್ತಾರೆ, ಇನ್ನೊಂದು ಖಾತೆಯವರು ವಿಚಾರಣೆಯೆನ್ನುತ್ತಾರೆ. ಅನುಭವಿಸುವವನಿಗೆ ಎರಡೂ ಒಂದೇ. ಬಸ್ಸಿನ ದರವೂ ಒಂದೇ.

ಈ ಎರಡನ್ನೂ ವಿಧಿವತ್ತಾಗಿ ಒಂದುಗೂಡಿಸುವ ಕಾಲ ಬಂದಿದೆಯೆಂದು ಬಗೆದು, ಯಾರೂ ಕೇಳದಿದ್ದರೂ, ಹುಬ್ಬಳ್ಳಿ-ಧಾರವಾಡದ ನ್ಯಾಯ ಪರಂಪರೆಯ ಕಾಲ್ನಡಿಗೆ ಪ್ರವಾಸಕ್ಕೆ ನಾನೇ ಒಂದು ಕರಡು ಯೋಜನೆಯನ್ನು ಸಿದ್ಧಪಡಿಸಿದ್ದೇನೆ. ಇಂಥದ್ದು ಬೇರೆ ಊರುಗಳಲ್ಲಿ ಈಗಾಗಲೇ ಇದೆ. ಲಂಡನ್ನಿನಲ್ಲಿ ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್ ಎಂಬ ವಕೀಲರ ನಾಲ್ಕು ಹಳೆಯ ಸಂಘಗಳ ಅಂಗಳಗಳನ್ನೂ, 1185ರಲ್ಲಿ ಪ್ರತಿಷ್ಠಾಪನೆಗೊಂಡ ದುಂಡನೆಯ ಟೆಂಪಲ್ ಚರ್ಚನ್ನೂ ಒಂದು ಮಧ್ಯಾಹ್ನದಲ್ಲಿ ನಡೆದು ನೋಡಿ ಮುಗಿಸಬಹುದು. ಮುಂಬೈಯಲ್ಲಿ 1878ರಲ್ಲಿ ಪೂರ್ಣಗೊಂಡ ಹೈಕೋರ್ಟ್ ಕಟ್ಟಡವನ್ನು ಗೈಡ್ ಜೊತೆಗೆ ತೋರಿಸುವ ವ್ಯವಸ್ಥೆ 2021ರಲ್ಲಿ ಆರಂಭವಾಯಿತು. ಆ ಕಟ್ಟಡದ ಕಂಬವೊಂದರಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಕ್ಕಡಿ ಹಿಡಿದ ಕೋತಿಯ ಕೆತ್ತನೆಯಿದೆ. ಕೋರ್ಟಿನಲ್ಲಿ ಸೋತ ಗುತ್ತಿಗೆದಾರನೊಬ್ಬ ಆ ಸಿಟ್ಟನ್ನು ಕಲ್ಲಿನ ಮೇಲೆ ತೀರಿಸಿಕೊಂಡನೆಂಬುದು ಅದರ ಸುತ್ತ ಹಬ್ಬಿದ ಕಥೆ. ನಮ್ಮ ಗುತ್ತಿಗೆದಾರರಿಂದ ಇಂಥ ಕಲಾಕೃತಿಗಳನ್ನು ನಿರೀಕ್ಷಿಸುವಂತಿಲ್ಲ. ಬಾಕಿ ಬಿಲ್ಲಿನ ಹಿಂದೆ ಓಡಾಡುವುದರಲ್ಲೇ ಅವರ ಆಯುಷ್ಯ ಕಳೆಯುತ್ತದೆ.

ಯೋಜನೆಗೆ ಎದುರಾಗುವ ಮೊದಲ ತೊಡಕು ಅಳತೆಯದು. ನಮ್ಮ ನ್ಯಾಯದ ಕೇರಿ ಒಂದು ಕೇರಿಯಲ್ಲ. ಹೈಕೋರ್ಟಿನ ಪೀಠ ಧಾರವಾಡದಾಚೆ, ಬೆಳಗಾವಿಯ ಹೆದ್ದಾರಿಯ ಮಗ್ಗುಲಲ್ಲಿ, ಬೇಲೂರಿನಲ್ಲಿದೆ. ಜಿಲ್ಲಾ ನ್ಯಾಯಾಲಯ ಧಾರವಾಡ ನಗರದೊಳಗಿದೆ. 2009ರಲ್ಲಿ ಸ್ಥಾಪನೆಯಾದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಎರಡೂ ಊರುಗಳ ನಡುವಿನ ನವನಗರದಲ್ಲಿದೆ. ಹುಬ್ಬಳ್ಳಿಯ ನ್ಯಾಯಾಲಯಗಳು 2018ರಲ್ಲಿ ಉದ್ಘಾಟನೆಗೊಂಡ ತಿಮ್ಮಸಾಗರದ ಹೊಸ ಸಮುಚ್ಚಯದಲ್ಲಿವೆ. ಅವಳಿ ನಗರಗಳ ನಡುವೆಯೇ ಸುಮಾರು 20 ಕಿಲೋಮೀಟರ್ ಅಂತರವಿರುವಾಗ, ಬೇಲೂರಿನಿಂದ ತಿಮ್ಮಸಾಗರದವರೆಗಿನ ಈ ಸಾಲನ್ನು ಕಾಲ್ನಡಿಗೆಯ ಪ್ರವಾಸವೆಂದು ಕರೆಯುವುದು ಸರಿಯೇ ಎಂದು ಕೇಳುವವರಿದ್ದಾರೆ. ಸರಿಯೇ. ಕಕ್ಷಿದಾರನ ಚಪ್ಪಲಿ ಸವೆಯುವುದು ಊರೂರುಗಳ ನಡುವೆ ಅಲ್ಲ, ಒಂದೇ ಕಟ್ಟಡದ ಎರಡು ಟೇಬಲ್ಲುಗಳ ನಡುವೆ. ಉಳಿದ ದೂರಕ್ಕೆ ಚಿಗರಿ ಬಸ್ಸಿದೆ.

ಬೇಲೂರೆಂಬ ಹೆಸರು ಕೇಳಿ ಹಾಸನದ ಬೇಲೂರಿನ ಶಿಲಾಬಾಲಿಕೆಯರನ್ನು ನೆನೆದು ಕ್ಯಾಮರಾ ತಂದವರಿಗೆ ನಿರಾಸೆಯಾಗದಂತೆ ಗೈಡ್ ಮಾತಾಡಬೇಕಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಕೆಲಸ ಮೂರು ತಲೆಮಾರು ನಡೆಯಿತೆಂದು ಹೇಳುವುದುಂಟು. ನಮ್ಮ ಬೇಲೂರಿಗೆ ಬಂದು ಮುಟ್ಟುವ ಆಸ್ತಿ ದಾವೆಗಳಲ್ಲಿಯೂ ಅಜ್ಜ ಹೂಡಿದ್ದನ್ನು ಮೊಮ್ಮಗ ನಡೆಸುವುದು ಅಪರೂಪವಲ್ಲವಾದ್ದರಿಂದ, ಶಿಲ್ಪ ಬೇರೆಯಾದರೂ ಶ್ರದ್ಧೆ ಒಂದೇ ಎಂದು ಆತ ವಿವರಿಸಬಹುದು.

ಹುಬ್ಬಳ್ಳಿಯ ನಿಲುಗಡೆ ಹಳೇ ಕೋರ್ಟ್ ಸರ್ಕಲ್. ಕೋರ್ಟು ಅಲ್ಲಿಂದ ಎದ್ದುಹೋಗಿದೆ, ಸರ್ಕಲ್ಲು ಹೋಗಿಲ್ಲ. ಹೆಸರಿನ ಹಿಂದೆ ಒಂದು 'ಹಳೇ' ಅಂಟಿಸಿಕೊಂಡು ಅಲ್ಲಿಯೇ ಕುಳಿತಿದೆ. ಅಲ್ಲಿನ ಸಾಯಿಬಾಬಾ ಮಂದಿರದ ಮುಂದೆ ಗುರುವಾರ ಭಕ್ತರು ಸಾಲುಗಟ್ಟುತ್ತಾರೆ. ಅಹವಾಲು ಹಿಡಿದು ಕಾಯುವವರ ಸಾಲು ಆ ಸರ್ಕಲ್ಲಿಗೆ ಹೊಸದೇನಲ್ಲ. ಈ ಸಾಲಿನಲ್ಲಿ ಕೋರ್ಟ್ ಫೀ ಭಕ್ತನ ಇಚ್ಛೆಗೆ ಬಿಟ್ಟದ್ದು, ಮುಂದಿನ ವಾರ ಬರುವುದೂ ಅವನ ಇಚ್ಛೆಗೇ ಬಿಟ್ಟದ್ದು.

ಇತಿಹಾಸದ ಭಾಗವನ್ನು ಗೈಡ್ ರೈಲಿನ ನಕ್ಷೆಯ ಸಹಾಯದಿಂದ ಹೇಳುವುದು ಉತ್ತಮ. 1862ರಲ್ಲಿ ಮುಂಬೈ ಹೈಕೋರ್ಟು ಸ್ಥಾಪನೆಯಾದ ಮೇಲೆ ಮುಂಬೈ ಪ್ರಾಂತಕ್ಕೆ ಸೇರಿದ್ದ ಧಾರವಾಡದವನ ಅಪೀಲು ಉತ್ತರಕ್ಕೆ ಪ್ರಯಾಣ ಮಾಡುತ್ತಿತ್ತು. ಸ್ವತಃ ಕಾನೂನು ಓದಿ ವಕೀಲಿ ಮಾಡಿದ್ದ ಆಲೂರ ವೆಂಕಟರಾಯರು ಆ ವೃತ್ತಿಯನ್ನು ಬದಿಗಿಟ್ಟು ಏಕೀಕರಣಕ್ಕಾಗಿ ದುಡಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅಪೀಲು ದಿಕ್ಕು ಬದಲಿಸಿ ದಕ್ಷಿಣಕ್ಕೆ ಹೊರಟಿತು. ಮುಂದಿನ ಐವತ್ತು ವರ್ಷಗಳ ಕಾಲ ನಮ್ಮ ಭಾಗದ ರೈತರು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಂಥ ರಾತ್ರಿ ರೈಲುಗಳಲ್ಲಿ ಬೆಂಗಳೂರಿಗೆ ಹೋಗಿ, ಹೈಕೋರ್ಟಿರುವ ಅಠಾರಾ ಕಚೇರಿಯ ಕೆಂಪು ಕಂಬಗಳನ್ನು ನೋಡಿ, ಕಬ್ಬನ್ ಪಾರ್ಕಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು ಬಂದರು. ಪ್ರವಾಸೋದ್ಯಮಕ್ಕೆ ಅವರು ಸಲ್ಲಿಸಿದ ಈ ಸೇವೆ ಯಾವ ವರದಿಯಲ್ಲಿಯೂ ದಾಖಲಾಗಿಲ್ಲ. ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರ ಆಗಸ್ಟ್ 25ರಿಂದ ಅದು ಕಾಯಂ ಪೀಠವಾಯಿತು. ಅದು ಬಂದದ್ದು ನಿಜಕ್ಕೂ ಒಳ್ಳೆಯದಾಯಿತು. ವಿಡಂಬನೆ ಬರೆಯುವವನೂ ಅದನ್ನು ಒಪ್ಪಬೇಕು.

ಯೋಜನೆಯ ಜೀವಾಳವಿರುವುದು ಕಟ್ಟಡಗಳಲ್ಲಲ್ಲ, ಪ್ರಾತ್ಯಕ್ಷಿಕೆಯಲ್ಲಿ. ಪ್ರವಾಸಿಗಳಿಗೆ ಒಂದು ವಾಟ್ನಿ ದಾವೆಯ, ಅಂದರೆ ಆಸ್ತಿ ಪಾಲಿನ ದಾವೆಯ, ಬೆನ್ನುಹತ್ತಿ ನಡೆಯುವ ಅವಕಾಶ ಕೊಡಬೇಕು. ಅಣ್ಣತಮ್ಮಂದಿರ ನಡುವೆ ನಾಲ್ಕು ಎಕರೆ ಹೊಲ. ಹೊಲದ ಉತಾರ (ಪಹಣಿ) ತೆಗೆಸಿ, ವಕಾಲತ್ತಿಗೆ ಸಹಿ ಹಾಕಿ, ದಾವೆ ಹೂಡಿದ್ದಾಯಿತು. ಪ್ರತಿವಾದಿ ತನ್ನ ಕೈಫಿಯತ್ತನ್ನು, ಅಂದರೆ ಲಿಖಿತ ಉತ್ತರವನ್ನು, 30 ದಿನದೊಳಗೆ, ಕೋರ್ಟು ಅವಧಿ ವಿಸ್ತರಿಸಿದರೆ 90 ದಿನದೊಳಗೆ ಕೊಡಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ. ಅದೇ ಸಂಹಿತೆಯ 17ನೇ ಆದೇಶವು ವಿಚಾರಣೆಯ ಕಾಲದಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂದೂ ಹೇಳುತ್ತದೆ. ಈ ಸಾಲನ್ನು ಗೈಡ್ ಗಂಭೀರವಾಗಿ ಓದಿ ಹೇಳಿ, ಪ್ರವಾಸಿಗಳು ನಗು ಮುಗಿಸುವವರೆಗೆ ಕಾಯಬೇಕು. ಬಳಿಕ ಎಲ್ಲರನ್ನೂ ಕೋರ್ಟ್ ಹಾಲಿನ ಬಾಗಿಲಿಗೆ ಕರೆದೊಯ್ಯಬೇಕು. ಪಟ್ಟೆವಾಲಾ ಹೊರಗೆ ಬಂದು ಕಕ್ಷಿದಾರನ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೂರೆಂಬ ಸಂಖ್ಯೆಯನ್ನು ಚಾಚೂ ತಪ್ಪದೆ ಪಾಲಿಸುವ ಸ್ಥಳ ಇದೊಂದೇ ಆದ್ದರಿಂದ ಇಲ್ಲಿ ಫೋಟೊ ತೆಗೆಯುವ ಆಸೆ ಎಲ್ಲರಿಗೂ ಆಗುತ್ತದೆ. ಅನುಮತಿ ಮಾತ್ರ ಇಲ್ಲ.

ವಾಟ್ನಿ ದಾವೆಯಲ್ಲಿ ತೀರ್ಪು ಬಂದರೆ ನಡಿಗೆ ಮುಗಿಯಿತೆಂದು ತಿಳಿದು ಯಾರೂ ಚಪ್ಪಾಳೆ ತಟ್ಟದಂತೆ ಮೊದಲೇ ಎಚ್ಚರಿಸಬೇಕು. ಬಂದದ್ದು ಪ್ರಾಥಮಿಕ ಡಿಕ್ರಿ; ಯಾರ ಪಾಲು ಎಷ್ಟೆಂಬುದನ್ನಷ್ಟೇ ಅದು ಹೇಳುತ್ತದೆ. ಕಂದಾಯ ಕಟ್ಟುವ ಹೊಲವಾದರೆ ಅದನ್ನು ಹರಿದು ಹಂಚುವ ಕೆಲಸಕ್ಕೆ, ಕರ್ನಾಟಕ ತಿದ್ದಿಕೊಂಡ ಸಂಹಿತೆಯ 54ನೇ ಕಲಮಿನ ಪ್ರಕಾರ, ಕೋರ್ಟು ಕಂದಾಯ ಅಧಿಕಾರಿಯ ವರದಿ ತರಿಸಿಕೊಳ್ಳಬಹುದು. ಹಾಗಾಗಿ ಪ್ರವಾಸ ಕೋರ್ಟಿನಿಂದ ಹೊರಬಿದ್ದು ಕಂದಾಯ ಕಚೇರಿಗೆ, ಅಲ್ಲಿಂದ ಮೋಜಣಿದಾರರನ್ನು ಹುಡುಕಿಕೊಂಡು ಹೊಲದ ಬದುವಿಗೆ ಸಾಗುತ್ತದೆ. ನಡುವೆ ಒಬ್ಬ ತಮ್ಮ ತೀರಿಕೊಂಡರೆ ವಾರಸುದಾರರನ್ನು ಸೇರಿಸಬೇಕು, ಸೇರಿಸುವ ಅರ್ಜಿಗೆ ತಕರಾರು ಬರಬೇಕು, ತಕರಾರಿಗೆ ತಾರೀಖು ಬೀಳಬೇಕು. ಹಣದ ದಾವೆ ಗೆದ್ದವನಿಗೂ ಬೇರೆ ದಾರಿಯಿಲ್ಲ, ವಸೂಲಿಗೆ ದರಖಾಸ್ತು ಹಾಕಿಕೊಂಡು ಮೊದಲ ಮೆಟ್ಟಿಲಿನಿಂದ ಹತ್ತಬೇಕು. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಕೈಗೆ ಬಂದ ಮೇಲೆ ಎಂಬರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲಿಯೇ ಆಡಿತ್ತು. ಅಂದಿನಿಂದ ಇಂದಿನವರೆಗೆ ಬಿರುಕು ಬಿಡದೆ ಉಳಿದಿರುವ ಪಾರಂಪರಿಕ ವಸ್ತುವೆಂದರೆ ಇದೇ, ಮತ್ತು ಇದರ ಸಂರಕ್ಷಣೆಗೆ ಸರ್ಕಾರ ಇದುವರೆಗೆ ಒಂದು ಪೈಸೆಯನ್ನೂ ಪ್ರತ್ಯೇಕವಾಗಿ ತೆಗೆದಿರಿಸಬೇಕಾಗಿ ಬಂದಿಲ್ಲ.

ಸಂರಕ್ಷಣೆಯ ಮಾತು ಬಂದದ್ದರಿಂದ ಇನ್ನೊಂದು ಸಲಹೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಸ್ಮಾರಕವೆನಿಸಿಕೊಳ್ಳಲು ನೂರು ವರ್ಷವಾದರೂ ಆಗಿರಬೇಕು. ಕೆಲವು ಮನೆತನಗಳ ವ್ಯಾಜ್ಯಗಳು ಈ ಅರ್ಹತೆಯತ್ತ ಸ್ಥಿರವಾಗಿ ನಡೆದಿವೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ ಎಂಬ ನಿಯಮವೂ ಉಂಟು. ವ್ಯಾಜ್ಯದ ಜಾಗಗಳಲ್ಲಿ ಈ ನಿಯಮ ಯಥಾಸ್ಥಿತಿ ಆದೇಶದ ರೂಪದಲ್ಲಿ ಆಗಲೇ ಜಾರಿಯಲ್ಲಿದೆ. ಗೋಡೆ ಬಿದ್ದರೆ ಎತ್ತುವಂತಿಲ್ಲ, ಜಾಲಿ ಬೆಳೆದರೆ ಕಡಿಯುವಂತಿಲ್ಲ. ಪುರಾತತ್ವ ಇಲಾಖೆ ಒಂದು ನೀಲಿ ಫಲಕ ನೆಟ್ಟರೆ ಸಾಕು.

ಮಹನೀಯರ ವಿಭಾಗಕ್ಕೆ ಹೆಸರುಗಳ ಕೊರತೆಯಿಲ್ಲ. ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪಿ.ಬಿ. ಗಜೇಂದ್ರಗಡಕರ ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ವಕೀಲರಾಗಿದ್ದು ಮುಂಬೈ ಸರ್ಕಾರದಲ್ಲಿ ಮಂತ್ರಿಯಾದ ಸರ್ ಸಿದ್ದಪ್ಪ ಕಂಬಳಿಯವರ ಹೆಸರನ್ನು ಧಾರವಾಡದ ಕಾನೂನು ಕಾಲೇಜು ಹೊತ್ತಿದೆ. ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಎಸ್.ಆರ್. ಬೊಮ್ಮಾಯಿಯವರ ಮುಂದೆ. ಹುಬ್ಬಳ್ಳಿಯಲ್ಲಿ ವಕೀಲರಾಗಿದ್ದ ಅವರು ಮುಖ್ಯಮಂತ್ರಿಯಾಗಿದ್ದಾಗ 1989ರ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ಸಾರಿ, ಕರ್ನಾಟಕದಲ್ಲಿ ನಡೆದ ವಜಾ ತಪ್ಪೆಂದಿತು. ಇಂದಿಗೂ ರಾಜ್ಯ ಸರ್ಕಾರಗಳನ್ನು ಕಾಯುತ್ತಿರುವ ತೀರ್ಪು ಅದು. ಅಷ್ಟರಲ್ಲಿ ಆ ವಿಧಾನಸಭೆಯೇ ಇರಲಿಲ್ಲ, ಚುನಾವಣೆ ನಡೆದು ಬೇರೆ ಸರ್ಕಾರ ಬಂದು ವರ್ಷಗಳಾಗಿದ್ದವು, ಕುರ್ಚಿ ಮರಳಿ ಸಿಗುವ ಪ್ರಶ್ನೆಯೂ ಉಳಿದಿರಲಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಹಳ್ಳಿಯವರು ನಾಲ್ಕು ಎಕರೆಯ ಜಗಳಕ್ಕೆಂದು ಕಟ್ಟಿರಬೇಕು. ಅದು ಮುಖ್ಯಮಂತ್ರಿಯವರೆಗೂ ಹೊಂದುತ್ತದೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಗೈಡುಗಳಿಗೆ ತರಬೇತಿ ಬೇಕು. ಕೈಪಿಡಿಯಲ್ಲಿ ಮಾದರಿ ಸಂಭಾಷಣೆಯೊಂದನ್ನು ಸೇರಿಸಿದ್ದೇನೆ. ಆವರಣದ ಬೇವಿನ ಮರದ ಕೆಳಗೆ ಕುಳಿತ ನವಲಗುಂದದ ಕಡೆಯ ಹಿರಿಯರೊಬ್ಬರನ್ನು ಗೈಡ್ ಹುಡುಗಿ ಮಾತಾಡಿಸುತ್ತಾಳೆ.

"ಅಜ್ಜಾರ, ನೀವೂ ಪ್ರವಾಸಕ್ಕ ಬಂದೀರೇನ್ರಿ?"

"ಹೂನವಾ, ನಮ್ಮಪ್ಪನ ಕಾಲದಾಗಿಂದ ಬರಾಕ ಹತ್ತೇವಿ."

"ಒಳಗ ಏನೇನು ನೋಡಿದ್ರಿ?"

"ಒಳಗ ವಕೀಲ ಸಾಹೇಬ್ರು ಹೋಗತಾರವಾ. ನಾ ಈ ಗಿಡಾ ನೋಡೇನಿ. ನಾ ಬಂದಾಗ ಇದು ನನ್ನ ಮೊಣಕಾಲ ಮಟ್ಟ ಇತ್ತು."

ಇಂಥವರನ್ನೇ ಗೈಡುಗಳನ್ನಾಗಿ ನೇಮಿಸಬಾರದೇಕೆ ಎಂಬ ಪ್ರಶ್ನೆ ಬರಬಹುದು. ನೇಮಕಕ್ಕೆ ಪದವಿ, ಅನುಭವ ಪ್ರಮಾಣಪತ್ರ ಬೇಕಾಗುತ್ತದೆ. ಅವರ ಅನುಭವಕ್ಕೆ ಪ್ರಮಾಣಪತ್ರ ಕೊಡಬೇಕಾದವರು ತೀರ್ಪು ಕೊಡಬೇಕಾದವರೇ ಆಗಿರುವುದರಿಂದ ಅದು ಸದ್ಯಕ್ಕೆ ಸಿಗುವಂಥದ್ದಲ್ಲ.

ಭಾಷೆಯ ವಿಷಯದಲ್ಲಿ ಪ್ರವಾಸಿಗೆ ಯಾವ ಅನನುಕೂಲವೂ ಆಗಕೂಡದು. ಕಿವಿಗೆ ಹಚ್ಚಿಕೊಳ್ಳುವ ಯಂತ್ರದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ವಿವರಣೆ ಇರತಕ್ಕದ್ದು. ಅದೇ ಬೇಲೂರಿನ ಪೀಠದ ಮುಂದೆ ತನ್ನ ಹೊಲದ ಭವಿಷ್ಯ ನಿರ್ಧಾರವಾಗುವುದನ್ನು ಕೇಳುತ್ತ ನಿಂತ ಹಾವೇರಿಯ ಹೆಣ್ಣುಮಗಳಿಗೆ ಈ ಯಂತ್ರವನ್ನು ಕೊಡಲಾಗುವುದಿಲ್ಲ. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆಕೆ ಟಿಕೆಟು ಕೊಂಡು ಪ್ರವಾಸಿಯಾಗಿ ಬಂದರೆ ಕಟ್ಟಡದ ಕಥೆ ಕನ್ನಡದಲ್ಲಿ ಕೇಳಬಹುದು. ಕಕ್ಷಿದಾರಳಾಗಿ ಬಂದರೆ ತನ್ನ ಕಥೆಯನ್ನು ಇಂಗ್ಲಿಷಿನಲ್ಲಿ ಕೇಳಬೇಕು. ಇದರಲ್ಲಿ ಯಾವುದು ಗೌರವದ ದಾರಿಯೆಂದು ಆಕೆಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ.

ಮಹದಾಯಿಯ ವಿಸ್ತೃತ ಪ್ರವಾಸವನ್ನು ಎರಡನೆಯ ಹಂತಕ್ಕೆ ಕಾದಿರಿಸಿದ್ದೇನೆ. ನ್ಯಾಯಮಂಡಳಿ ರಚನೆ 2010, ತೀರ್ಪು 2018, ಗೆಜೆಟ್ ಅಧಿಸೂಚನೆ 2020. ಈ ಮೂರು ಮೈಲುಗಲ್ಲುಗಳನ್ನು ತೋರಿಸಿದ ಮೇಲೆ ತೋರಿಸಲು ನೀರೂ ಬೇಕಾಗುವುದರಿಂದ ಆ ಹಂತಕ್ಕೆ ಅವಸರ ಬೇಡ.

ಕೊನೆಗೆ ಟಿಕೆಟಿನ ನಿಯಮಗಳು. ನಡಿಗೆ ಹನ್ನೊಂದಕ್ಕೆ ಆರಂಭ. ಹನ್ನೊಂದಕ್ಕೆ ಆರಂಭವಾಗದಿದ್ದರೆ ಅದೇ ಟಿಕೆಟಿಗೆ ಇನ್ನೊಂದು ತಾರೀಖು ಕೊಡಲಾಗುವುದು. ಹೆಸರು ಕೂಗಿದಾಗ ಗೈರುಹಾಜರಾದವರ ಟಿಕೆಟು ವಜಾ ಆಗುತ್ತದೆ, ಪುನರ್‌ಸ್ಥಾಪನೆಗೆ 30 ದಿನದೊಳಗೆ ಕಾರಣ ಸಹಿತ ಅರ್ಜಿ ಸಲ್ಲಿಸತಕ್ಕದ್ದು. ಗಿರಮಿಟ್ಟು, ಮಿರ್ಚಿ, ಒಂದು ಚಹಾ ಟಿಕೆಟಿನಲ್ಲಿ ಸೇರಿವೆ. ಪೇಢೆಯ ಖರ್ಚು ಗೆದ್ದವರದ್ದು. ಸರದಿಗಾಗಿ ಕಾಯುವಾಗ ಕೂರಲು ನೆರಳಿನಲ್ಲಿ ಬೆಂಚುಗಳಿರುತ್ತವೆ, ಅವು ಪ್ರವಾಸಿಗಳಿಗೆ ಮಾತ್ರ. ಕೋರ್ಟಿನ ತಾರೀಖಿನ ಚೀಟಿ ತೋರಿಸಿದವರಿಗೆ ಅರ್ಧ ದರದ ರಿಯಾಯಿತಿ ಕೊಡಬೇಕೆಂಬ ಮಾತನ್ನೂ ಪರಿಶೀಲಿಸಿದೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಪೂರ್ತಿ ದರ ಕೊಡುವ ಒಬ್ಬ ಪ್ರವಾಸಿಯೂ ಸಿಗಲಾರನೆಂಬ ಆರ್ಥಿಕ ಕಾರಣದಿಂದ ಆ ಸಲಹೆಯನ್ನು ಕೈಬಿಡಲಾಗಿದೆ.