ಭಾವನ ಭೌತಶಾಸ್ತ್ರ

ಶಾಲೆಯ ಭೌತಶಾಸ್ತ್ರ ಪುಸ್ತಕದಲ್ಲಿರುವ ಅತ್ಯಂತ ನಿಷ್ಕರುಣ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ, ಎಷ್ಟೇ ಬಲ ಪ್ರಯೋಗಿಸಿದರೂ ವಸ್ತು ಕದಲದಿದ್ದರೆ ಕೆಲಸ ನಡೆದಿಲ್ಲ ಎಂಬ ವಾಕ್ಯವನ್ನು ನಾನು ಹಿಂದೆಮುಂದೆ ನೋಡದೆ ತೋರಿಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಗೋಡೆಯನ್ನು ತಳ್ಳಿದವನೂ ಅದೇ ಗೋಡೆಗೆ ಒರಗಿ ಗೊರಕೆ ಹೊಡೆದವನೂ ಈ ಲೆಕ್ಕದಲ್ಲಿ ಸರಿಸಮಾನರು. ಕೆಲಸವನ್ನೂ ಶಕ್ತಿಯನ್ನೂ ಅಳೆಯುವ ಮಾನ ಜೂಲ್; ಇಬ್ಬರ ಹೆಸರಿನಲ್ಲೂ ಸೊನ್ನೆ ಜೂಲ್. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯಬಹುದಾದ ಈ ಮಾತನ್ನು ಬೆವರು ಸುರಿಸುತ್ತಿರುವ ಮನುಷ್ಯನ ಎದುರು ಗಟ್ಟಿಯಾಗಿ ಓದಬಾರದು ಎಂಬ ಎಚ್ಚರಿಕೆ ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಮ್ಮ ಭಾವ ಕಬ್ಬಿಣದ ಬೀರುವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಲು ಹೊರಟಾಗ ನನ್ನ ಮಗಳು ಪಕ್ಕದಲ್ಲೇ ಕುಳಿತು ಇದೇ ಪಾಠವನ್ನು ಓದುತ್ತಿದ್ದಳು. ಬೀರುವಿನೊಳಗೆ ಅಕ್ಕನ ಸಮಸ್ತ ಆಸ್ತಿಯೂ ಇತ್ತು. ಅದನ್ನು ಖಾಲಿ ಮಾಡುವುದು ತಮ್ಮ ತೋಳಿಗೆ ಅವಮಾನ ಎಂಬುದು ಭಾವನ ನಿಲುವು. ಅವರು ತಳ್ಳಿದರು, ಬೀರು ಅಲುಗಲಿಲ್ಲ. ಇನ್ನೂ ಜೋರಾಗಿ ತಳ್ಳಿದರು, ಆಗಲೂ ಅಲುಗಲಿಲ್ಲ. ಸ್ಥಿರ ಘರ್ಷಣೆಯ ಸ್ವಭಾವವೇ ಅದು: ತಳ್ಳಿದಷ್ಟೇ ಬಲವನ್ನು ಅದು ಎದುರು ದಿಕ್ಕಿನಲ್ಲಿ ಹಿಂದಿರುಗಿಸುತ್ತದೆ, ತನ್ನ ಮಿತಿ ಮುಟ್ಟುವವರೆಗೆ ಒಂದು ಕೂದಲೆಳೆಯಷ್ಟೂ ಸೋಲುವುದಿಲ್ಲ.

“ಮಾವ, ಇಲ್ಲಿಯವರೆಗೆ ಬೀರುವಿನ ಮೇಲೆ ನೀವು ಮಾಡಿದ ಕೆಲಸ ಸೊನ್ನೆ,” ಎಂದಳು ಮಗಳು, ಪುಸ್ತಕದಿಂದ ತಲೆಯೆತ್ತದೆ.

“ಹಾಗಾದರೆ ಈ ಬೆವರು ಯಾರದಮ್ಮ?” ಎಂದರು ಭಾವ.

ಪ್ರಶ್ನೆ ನ್ಯಾಯವಾದದ್ದೇ. ಬಿಗಿಹಿಡಿದ ಸ್ನಾಯುವಿನೊಳಗೆ ಎಳೆಗಳು ಒಂದೇ ಸಮನೆ ಜಗ್ಗುತ್ತ, ಸಡಿಲಗೊಳ್ಳುತ್ತ, ಮತ್ತೆ ಜಗ್ಗುತ್ತ ಇರುತ್ತವೆ. ಅದಕ್ಕಾಗಿ ದೇಹದ ರಾಸಾಯನಿಕ ಶಕ್ತಿ ಖರ್ಚಾಗಿ ಶಾಖವಾಗುತ್ತದೆ. ಬೀರುವಿಗೆ ಒಂದು ಜೂಲ್ ಕೂಡ ಸಂದಾಯವಾಗದಿದ್ದರೂ ಭಾವನ ದೇಹದಿಂದ ಶಕ್ತಿ ಸೋರಿಹೋಗಿರುವುದು ಹೀಗೆ. ಇದನ್ನು ವಿವರಿಸಿದಾಗ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಕೊನೆಗೆ ಅಕ್ಕ ಎರಡು ಅರೆಗಳನ್ನು ಖಾಲಿ ಮಾಡಿದಳು, ತೂಕ ತಗ್ಗಿತು, ಘರ್ಷಣೆಯ ಮಿತಿಯೂ ಇಳಿಯಿತು. ಚಲಿಸತೊಡಗಿದ ವಸ್ತುವಿನ ಮೇಲಿನ ಘರ್ಷಣೆ ನಿಂತ ವಸ್ತುವಿನ ಮೇಲಿನದ್ದಕ್ಕಿಂತ ಸಾಮಾನ್ಯವಾಗಿ ಕಡಿಮೆಯಾದ್ದರಿಂದ, ಬೀರು ಕದಲಿದ್ದೇ ತಡ, ದಡಕ್ಕನೆ ಮುಂದೆ ನುಗ್ಗಿ ಎದುರು ಬದಿಯಲ್ಲಿ ನಿಂತಿದ್ದ ನನ್ನ ಹೆಬ್ಬೆರಳನ್ನು ತಲುಪಿತು. ಕೆಲಸ ನಡೆದಿದೆ ಎಂಬುದರಲ್ಲಿ ಆಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ.

ಜೂಲ್ ಎಂಬ ಮಾನಕ್ಕೆ ಹೆಸರು ಕೊಟ್ಟ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889) ಇಂಗ್ಲೆಂಡಿನ ಬಿಯರ್ ತಯಾರಕರ ಮನೆತನದವನು. ಕೆಳಗಿಳಿಯುವ ತೂಕದ ಬಟ್ಟುಗಳಿಂದ ನೀರಿನೊಳಗಿನ ರೆಕ್ಕೆಚಕ್ರವನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ತಾಳ್ಮೆಯಿಂದ ಅಳೆದು, ಯಾಂತ್ರಿಕ ಕೆಲಸ ಮತ್ತು ಶಾಖಗಳ ನಡುವಿನ ವಿನಿಮಯ ದರವನ್ನು ಅವನು 1840ರ ದಶಕದಲ್ಲಿ ಗೊತ್ತುಪಡಿಸಿದ. ಆ ದರ ಕೇಳಿದರೆ ಯಾರಾದರೂ ಬೆಚ್ಚಬೇಕು: ಒಂದು ಕಿಲೋ ನೀರನ್ನು ಕೇವಲ ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಕ್ತಿಯಿಂದ ಅದೇ ನೀರನ್ನು ಸುಮಾರು 427 ಮೀಟರ್ ಎತ್ತರಕ್ಕೆ ಎತ್ತಬಹುದು.

ಭಾವನ ಸ್ನಾನಕ್ಕೆ ಈ ಲೆಕ್ಕ ತಗಲಿಕೊಂಡದ್ದು ಮಗಳ ಕೃಪೆ. ಹದಿನೈದು ಲೀಟರಿನ ಬಕೆಟ್ಟಿನ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಸುಮಾರು ಒಂಬತ್ತೂವರೆ ಲಕ್ಷ ಜೂಲ್ ಬೇಕು. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್ ಆದ್ದರಿಂದ, ಅದು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು. ಬಿಲ್ಲಿನಲ್ಲಿ ಇದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಅದೇ ಶಕ್ತಿಯನ್ನು ಒಂದಿಷ್ಟೂ ಪೋಲಾಗದಂತೆ ಬಳಸಿದರೆ 75 ಕಿಲೋ ತೂಗುವ ಭಾವನನ್ನು ನೆಲದಿಂದ ಸುಮಾರು 1,280 ಮೀಟರ್ ಮೇಲಕ್ಕೆ ಎತ್ತಬಹುದು ಎಂದು ಅವಳು ಹಾಳೆಯ ಮೇಲೆ ಸಾಧಿಸಿ ತೋರಿಸಿದಳು. ಅಂದಿನಿಂದ ಭಾವ ಎರಡನೆಯ ಬಕೆಟ್ ಕೇಳಿದಾಗಲೆಲ್ಲ ಅಕ್ಕ, “ಇನ್ನೊಂದು ಬೆಟ್ಟ ಹತ್ತುತ್ತೀರಾ?” ಎಂದು ವಿಚಾರಿಸುತ್ತಾಳೆ.

ಎಕ್ಸ್‌ಟೆನ್ಷನ್ ಬೋರ್ಡಿನ ಪ್ರಕರಣ ಇಷ್ಟು ಸೌಮ್ಯವಾಗಿರಲಿಲ್ಲ. ಬೋರ್ಡಿನ ಬೆನ್ನಿನ ಮೇಲೆ ಅದು ತಾಳುವ ಪ್ರವಾಹದ ಮಿತಿ 6 ಆಂಪಿಯರ್ ಎಂದು ಸಣ್ಣದಾಗಿ ಅಚ್ಚಾಗಿತ್ತು, ಮುಖದ ಮೇಲೆ ನಾಲ್ಕು ಸಾಕೆಟ್‌ಗಳು ಢಾಳಾಗಿ ಕಾಣುತ್ತಿದ್ದವು, ಮತ್ತು ಮನುಷ್ಯರು ಮುಖವನ್ನೇ ನಂಬುವವರು. ಭಾವ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನು ಒಂದಕ್ಕೆ, 1,500 ವ್ಯಾಟಿನ ಕೆಟಲನ್ನು ಇನ್ನೊಂದಕ್ಕೆ ಚುಚ್ಚಿದರು. ಸಾಕೆಟ್‌ಗಳು ಸಮಾಂತರ ಜೋಡಣೆಯಲ್ಲಿರುವುದರಿಂದ ಎರಡಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ, ಆದರೆ ಎರಡರ ಪ್ರವಾಹವೂ ಒಟ್ಟುಗೂಡಿ ಬೋರ್ಡಿನ ಒಂದೇ ತಂತಿಯಲ್ಲಿ ಹಾಯಬೇಕು. ಅದು ಸುಮಾರು 11 ಆಂಪಿಯರ್. ಸ್ವಲ್ಪ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮನೆಯನ್ನೆಲ್ಲ ತುಂಬಿತು.

ಸ್ವಿಚ್ ಆರಿಸಿ ಬೋರ್ಡಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೋಡಿದರೆ, ಒಂದು ಪಿನ್ನು ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದರ ಬುಡದಲ್ಲಿ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿ, ಮೆತ್ತಗಾಗಿ, ಪಿನ್ನು ಒಂದು ಪಕ್ಕಕ್ಕೆ ವಾಲಿತ್ತು. ಎರಡು ಪಿನ್ನುಗಳಲ್ಲೂ ಹರಿದದ್ದು ಅದೇ ಪ್ರವಾಹ, ಸುಟ್ಟದ್ದು ಮಾತ್ರ ಒಂದು. ಅದಕ್ಕೂ ಜೂಲನೇ 1841ರಲ್ಲಿ ಉತ್ತರ ಕೊಟ್ಟಿದ್ದಾನೆ: ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಗುಣವಾಗಿರುತ್ತದೆ. ಆ ಪಿನ್ನು ಸಾಕೆಟ್ಟಿನೊಳಗೆ ಸಡಿಲವಾಗಿ ಕೂತಿತ್ತು, ಸಡಿಲ ಸಂಪರ್ಕದಲ್ಲಿ ರೋಧ ಹೆಚ್ಚು, ಆದ್ದರಿಂದ ಶಾಖವೆಲ್ಲ ಅಲ್ಲೇ ಠಿಕಾಣಿ ಹೂಡಿತು. ಪ್ರವಾಹ ಆರರಿಂದ ಹನ್ನೊಂದಕ್ಕೆ ಏರಿದರೆ ಶಾಖ ಎರಡು ಪಟ್ಟಾಗಿ ಸುಮ್ಮನಾಗುವುದಿಲ್ಲ, ಮೂರು ಪಟ್ಟನ್ನೂ ದಾಟುತ್ತದೆ.

“ನಾಲ್ಕು ತೂತು ಕೊಟ್ಟ ಮೇಲೆ ನಾಲ್ಕಕ್ಕೂ ಹಾಕಲಿಕ್ಕೇ ತಾನೇ ಕೊಟ್ಟಿರುವುದು? ಅಪಾಯವಿದ್ದರೆ ಎಂಸಿಬಿ ಬೀಳಬೇಕಿತ್ತಲ್ಲ?” ಎಂದು ಭಾವ ವಾದಿಸಿದರು. ಪ್ರವಾಹ ಮಿತಿ ಮೀರಿದರೆ ತಾನಾಗಿಯೇ ಸಂಪರ್ಕ ಕಡಿಯುವ ಸ್ವಿಚ್ಚಾದ ಎಂಸಿಬಿ 16 ಆಂಪಿಯರಿನದ್ದು. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ಭಾವನ ಬೋರ್ಡನ್ನಲ್ಲ. ಹನ್ನೊಂದು ಆಂಪಿಯರ್ ಹರಿಯುವಾಗ ಅದು ನೆಮ್ಮದಿಯಿಂದ ಇದ್ದದ್ದು ನಿಯಮಬದ್ಧವೇ ಆಗಿತ್ತು.

ಸೆಖೆಗೆ ಫ್ರಿಜ್ಜಿನ ಬಾಗಿಲು ತೆರೆದು ಎದುರು ಕುರ್ಚಿ ಹಾಕಿಕೊಂಡ ಕಥೆಯನ್ನು ಹೆಚ್ಚು ಬೆಳೆಸುವುದಿಲ್ಲ. ಫ್ರಿಜ್ಜು ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಬೆನ್ನಿನ ಕಡೆಯಿಂದ ಹೊರಹಾಕುತ್ತದೆ. ಹಾಗೆ ಹೊರುವ ಕೂಲಿಯಾಗಿ ಕಂಪ್ರೆಸರ್ ಎಳೆದ ವಿದ್ಯುತ್ತೂ ಶಾಖವಾಗಿ ಅದೇ ಕೋಣೆಗೆ ಸೇರುತ್ತದೆ. ಮೂಗು ತಣ್ಣಗಾಯಿತು, ಕೋಣೆ ಬೆಚ್ಚಗಾಯಿತು.

ಈಚಿನ ದುರಂತ ಬಾಗಿಲಿನ ಹಿಡಿಯದ್ದು. ಒಣಹವೆಯ ದಿನ ಪಾಲಿಯೆಸ್ಟರ್ ಬಟ್ಟೆ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ ಭಾವ ಲೋಹದ ಹಿಡಿಗೆ ಕೈ ಚಾಚಿದಾಗ ಚಟ್ ಎಂದು ಕಿಡಿ ಹಾರಿತು. ಇಂಥ ಕಿಡಿಯ ಹಿಂದೆ ಕೆಲವು ಸಾವಿರ ವೋಲ್ಟ್ ಇರುತ್ತದೆ ಎಂದು ಮಗಳು ಹೇಳಿದ್ದೇ ತಪ್ಪಾಯಿತು. “ಐದು ಸಾವಿರ ವೋಲ್ಟ್ ಹೊಡೆಸಿಕೊಂಡೂ ಬದುಕಿದವನು” ಎಂದು ಅವರು ಫೋನಿನಲ್ಲಿ ಬಂಧುಬಳಗಕ್ಕೆಲ್ಲ ಸಾರಿದರು. ವೋಲ್ಟ್ ಎಷ್ಟೇ ಇರಲಿ, ದೇಹದಲ್ಲಿ ಶೇಖರವಾಗುವ ವಿದ್ಯುದಾವೇಶ ಅತ್ಯಲ್ಪವಾದ್ದರಿಂದ, ಅಂಥ ಕಿಡಿಯಲ್ಲಿ ಖರ್ಚಾಗುವ ಶಕ್ತಿ ಒಂದು ಮಿಲಿಜೂಲ್‌ನ ಆಸುಪಾಸು. ಅಷ್ಟು ಶಕ್ತಿಯಿಂದ ಭಾವನನ್ನು ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟು ಎತ್ತರಕ್ಕೂ ಎತ್ತಲಾಗದು. ಆದರೆ ಅವರು ಹಾರಿದ್ದು ಒಂದು ಗೇಣು, ಅಂದರೆ ಸುಮಾರು 150 ಜೂಲ್. ಕಿಡಿ ಕೊಟ್ಟದ್ದರ ಲಕ್ಷ ಪಟ್ಟು ಶಕ್ತಿಯನ್ನು ಅವರು ಸ್ವಂತ ನಿಧಿಯಿಂದಲೇ ಭರಿಸಿದ್ದರು.

ಕೀಲಿಕೈಯನ್ನು ಬಿಗಿಯಾಗಿ ಹಿಡಿದು ಅದರ ತುದಿಯನ್ನು ಮೊದಲು ಹಿಡಿಗೆ ತಾಗಿಸಿದರೆ, ಕಿಡಿ ಬೆರಳ ತುದಿಯ ಬದಲು ಲೋಹದ ತುದಿಯಿಂದ ಹಾರುವುದರಿಂದ ಚುರುಕು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು ಮಗಳು ಹೇಳಿಕೊಟ್ಟಿದ್ದಾಳೆ. ಭಾವ ಈ ಉಪಾಯವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ, ಮರದ ಹಿಡಿಯಿರುವ ಬಾಗಿಲುಗಳಿಗೂ.