ಕುಂಕುಮ ತಪ್ಪಿದ ಪ್ರಿಂಟರು

ಮೊನ್ನೆ ಗುರುವಾರ ನನ್ನ ಲ್ಯಾಪ್‌ಟಾಪಿಗೆ ಹೊಟ್ಟೆ ಉಬ್ಬರಿಸಿತು. ತಮಾಷೆಗೆ ಹೇಳುತ್ತಿಲ್ಲ. ಟಚ್‌ಪ್ಯಾಡ್ ಎಷ್ಟು ಅದುಮಿದರೂ ಕೆಳಗಿಳಿಯಲಿಲ್ಲ. ಬಗ್ಗಿ ಪಕ್ಕದಿಂದ ನೋಡಿದರೆ, ಎಣ್ಣೆಗೆ ಬಿಟ್ಟ ಪೂರಿ ಅರ್ಧ ಉಬ್ಬಿ ನಿಂತ ಹಾಗೆ ಎದ್ದು ಕೂತಿದೆ. ಮೇಜಿನ ಮೇಲಿಟ್ಟು ಒಂದು ಮೂಲೆ ತಳ್ಳಿದೆ. ಬುಗುರಿಯಂತೆ ಅರ್ಧ ಸುತ್ತು ತಿರುಗಿತು.

"ಗ್ಯಾಸ್ ಇರಬೇಕು. ಜೀರಿಗೆ ಕಷಾಯ ಮಾಡಿಕೊಡ್ಲಾ?" ಅಂದಳು ನನ್ನ ಹೆಂಡತಿ, ಹುರುಳಿಕಾಯಿ ನಾರು ತೆಗೆಯುತ್ತಾ.

ಎಸ್.ಪಿ. ರೋಡಿನ ರಿಪೇರಿ ಹುಡುಗ ತಳದ ಸ್ಕ್ರೂ ಬಿಚ್ಚಿ ಒಳಗೆ ನೋಡಿದ. "ಗ್ಯಾಸ್ ಸಾರ್" ಅಂದ. ಇದನ್ನು ನಾನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಬ್ಯಾಟರಿಯೊಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತದಂತೆ. "ಇಪ್ಪತ್ನಾಲ್ಕು ಗಂಟೆ ಚಾರ್ಜಿಗೆ ಹಾಕಿಟ್ಟಿರ್ತೀರಾ?" ಎಂದು ಕೇಳಿದ. ದಿನಕ್ಕೆ ಎಷ್ಟು ಸಿಗರೇಟು ಎಂದು ಡಾಕ್ಟರು ಕೇಳುವ ಧಾಟಿ. ನಾನೂ ಡಾಕ್ಟರಿಗೆ ಹೇಳುವ ಹಾಗೆಯೇ "ಇಲ್ಲಪ್ಪ, ಯಾವಾಗಲಾದರೂ ಒಂದೊಂದ್ಸಲ" ಅಂದೆ. ಅವನು ನಂಬಲಿಲ್ಲ. ಹೊಸ ಬ್ಯಾಟರಿ ಹಾಕಿ, "ಹಳೇದು ಬೇಕಾ ಸಾರ್?" ಅಂದ. ಬೇಕು ಅಂದೆ. ಸ್ಕೂಟರ್ ಕಾಲದಿಂದ ಬಂದ ಅಭ್ಯಾಸ. ಹಳೇ ಪಾರ್ಟು ಕೈಗೆ ಬರದಿದ್ದರೆ ಹೊಸದು ಹಾಕಿದ್ದಾರೆ ಎಂದು ನಂಬುವುದು ಹೇಗೆ? ಪೇಪರಿನಲ್ಲಿ ಸುತ್ತಿ ಕೊಡುತ್ತಾ, "ಪಿನ್ನು ಗಿನ್ನು ಚುಚ್ಚಬೇಡಿ ಸಾರ್, ಹತ್ಕೊಂಡು ಉರಿಯುತ್ತೆ" ಅಂದ. ದುಡ್ಡು ಎಣಿಸಿಕೊಂಡಾದ ಮೇಲೆ. ಮನೆಯವರೆಗೂ ಆಟೋದಲ್ಲಿ ಆ ಪೊಟ್ಟಣವನ್ನು ಎಳೆಗೂಸಿನಂತೆ ಎದೆಗೆ ಹಿಡಿದು ಕೂತಿದ್ದೆ. ಬೆಂಗಳೂರಿನಲ್ಲಿ ಎಷ್ಟು ಹಂಪುಗಳಿವೆ ಅನ್ನುವುದು ನನಗೆ ಗೊತ್ತಾಗಿದ್ದೇ ಅವತ್ತು.

ಟೀವಿಯಲ್ಲಿ ದಿನಾ ರಾತ್ರಿ ನಾಲ್ಕು ಜನ ಕೂತು, ಯಂತ್ರಗಳಿಗೆ ಬುದ್ಧಿ ಬಂದರೆ ನಮ್ಮ ಮೇಲೆ ತಿರುಗಿ ಬೀಳುತ್ತವೆ ಎಂದು ಹೆದರಿಸುತ್ತಾರೆ. ಬುದ್ಧಿ ಬರುವ ತನಕ ಇವು ಯಾಕೆ ಕಾಯಬೇಕು? ಲೋಹದ ಮೈಯ ಲ್ಯಾಪ್‌ಟಾಪಿಗೆ ಎರಡು ಪಿನ್ನಿನ ಚಾರ್ಜರ್ ಹಾಕಿ ಬರಿಗಾಲಲ್ಲಿ ಕೂತು ಟೈಪು ಮಾಡಿದವರಿಗೆ ಗೊತ್ತು, ಮುಂಗೈ ಮೇಲೆ ಇರುವೆ ಸಾಲು ಹೋದ ಹಾಗೆ ಜುಮ್ ಅನ್ನುತ್ತದೆ. "ಅರ್ಥಿಂಗ್ ಇಲ್ಲ ಸಾರ್, ಏನೂ ಆಗಲ್ಲ" ಅನ್ನುತ್ತಾನೆ ಎಲೆಕ್ಟ್ರಿಷಿಯನ್. ಏನೂ ಆಗಲ್ಲ ಅನ್ನುವುದಾದರೆ ಅವನೇ ಕೂತು ಟೈಪು ಮಾಡಲಿ. ಸಿ.ಡಿ. ಕಾಲದ 52ಎಕ್ಸ್ ಡ್ರೈವು ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಿಸುತ್ತಿತ್ತು. ಸಣ್ಣ ಬಿರುಕಿದ್ದ ಸಿ.ಡಿ. ಒಳಗೇ ಢಮ್ ಎಂದು ಚೂರಾಗಿದ್ದೂ ಉಂಟು. ಇವಕ್ಕೆಲ್ಲ ನಮ್ಮ ಮೇಲೆ ಯಾಕೆ ಇಷ್ಟು ಸಿಟ್ಟು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಸಿದ್ಧಾಂತವಿದೆ. ಕೊನೆಗೆ ಹೇಳುತ್ತೇನೆ. ಮೊದಲು ನಮ್ಮ ಆಫೀಸಿನ ಪ್ರಿಂಟರಿನ ಕಥೆ ಆಗಿಬಿಡಲಿ.

ನಾನು ಆಗ ಇದ್ದ ಆಫೀಸಿನಲ್ಲಿ ಆಯುಧಪೂಜೆ ಜೋರು. ನವಮಿಗೆ ರಜೆ, ಹಾಗಾಗಿ ಹಿಂದಿನ ದಿನವೇ ಪೂಜೆ. ಬೆಳಿಗ್ಗೆಯಿಂದ ಯಾರೂ ಕೆಲಸ ಮಾಡುವುದಿಲ್ಲ. ಆಯುಧ ಒರೆಸುವ ನೆಪ. ಒಂದೊಂದು ಮಾನಿಟರಿಗೂ ಮೂರೆಳೆ ವಿಭೂತಿ, ನಡುವೆ ಕುಂಕುಮ. ಕೀಬೋರ್ಡಿನ ಮೇಲೆ ಚೆಂಡು ಹೂ. ಮೌಸಿನ ಬೆನ್ನಿಗೆ ಅಕ್ಷತೆ. ಸರ್ವರು ಎಲ್ಲಕ್ಕಿಂತ ದುಬಾರಿ, ಆದ್ದರಿಂದ ಅದಕ್ಕೆ ಎರಡು ಮಾರು ಸೇವಂತಿಗೆ. ಹಾರ ಸರಿಯಾಗಿ ಗಾಳಿಕಿಂಡಿಗೆ ಅಡ್ಡ ಬಿತ್ತು. ಮಂಗಳಾರತಿ ಹೊತ್ತಿಗೆ ಅದು ಕಾದು ಕುಯ್ಯೋ ಎಂದು ಕೂಗತೊಡಗಿತು. ಜಾಗಟೆ ಜೊತೆಗೆ ಈ ವರ್ಷ ಏನೋ ಹೊಸದು ತಂದಿದ್ದಾರೆ ಎಂದುಕೊಂಡು ನಾವು ಇನ್ನಷ್ಟು ಭಕ್ತಿಯಿಂದ ಕೈಮುಗಿದೆವು.

ಬೂದುಗುಂಬಳಕಾಯಿ ಒಡೆದಾಯಿತು. ಕಡಲೆಪುರಿ ಹಂಚಿದ್ದಾಯಿತು. ಎಲ್ಲರೂ ಮನೆಗೆ ಹೊರಟೆವು. ಬಾತ್‌ರೂಮಿನ ಪಕ್ಕದ ಮೂಲೆಯಲ್ಲಿದ್ದ ಪ್ರಿಂಟರಿಗೆ ಮಾತ್ರ ಒಂದು ಬೊಟ್ಟು ಇಟ್ಟವರಿಲ್ಲ. ಸ್ಟೇಪ್ಲರಿಗೆ ಇಟ್ಟಿದ್ದರು. ಪಂಚಿಂಗ್ ಮಷೀನಿಗೂ ಇಟ್ಟಿದ್ದರು. ಮ್ಯಾನೇಜರ್ ಸಾಹೇಬರ ಟಿಫಿನ್ ಬಾಕ್ಸಿಗೂ ಇಟ್ಟಿದ್ದರು, ಅದು ಸ್ಟೀಲಿನದು ಅನ್ನುವ ಒಂದೇ ಕಾರಣಕ್ಕೆ.

ಹಬ್ಬ ಮುಗಿಸಿ ಬಂದ ಸೋಮವಾರ ಶುರುವಾಯಿತು. ಕೊಟ್ಟಿದ್ದು ಒಂದು ಹಾಳೆ, ಬಂದಿದ್ದು ಒಂದು ಬೀಸಣಿಗೆ. ಆಮೇಲೆ ಅದೂ ಬರಲಿಲ್ಲ. "ಟ್ರೇ 2ರಲ್ಲಿ ಕಾಗದ ಇಲ್ಲ" ಎಂದು ತೋರಿಸುವುದು. ಅದಕ್ಕೆ ಎರಡನೇ ಟ್ರೇ ಇರಲೇ ಇಲ್ಲ. ಅಕೌಂಟ್ಸಿನ ಮೇಡಂ ಮೆಲ್ಲಗೆ ತಟ್ಟಿದರು. ಸೇಲ್ಸಿನ ಹುಡುಗ ಜೋರಾಗಿ ತಟ್ಟಿದ. ಬುಧವಾರ ಸಾಹೇಬರೇ ಎದ್ದು ಬಂದರು.

"ಒಂದು ಕಾಗದ ತೆಗೆಯೋಕೆ ಬರಲ್ವೇನ್ರೀ ನಿಮಗೆ?"

ಮುಂದಿನ ಮುಚ್ಚಳ ಇಳಿಸಿದರು. ಬಿಡಿ ಹಾಳೆ ತೂರಿಸುವ ಸಂದಿಗೆ ಕಣ್ಣು ತಂದು ಬಗ್ಗಿದರು. ಕೊರಳಲ್ಲಿದ್ದ ಐಡಿ ಕಾರ್ಡು ಜೋತು ಸಂದಿಗೆ ಬಿತ್ತು. ಮೂರು ದಿನದಿಂದ ಒಂದು ಹಾಳೆ ಎಳೆಯದಿದ್ದ ಆ ಪ್ರಿಂಟರು ಗರ್ರ್ ಎಂದು ಎದ್ದು ಕಾರ್ಡನ್ನು ನುಂಗಿತು. ಹಿಂದೆಯೇ ಪಟ್ಟಿಯನ್ನೂ ಶಾವಿಗೆ ಪಾಯಸ ಹೀರಿದ ಹಾಗೆ ಸರ್ರನೆ ಒಳಗೆಳೆದುಕೊಂಡಿತು. ಸಾಹೇಬರ ಹಣೆ ಮುಚ್ಚಳಕ್ಕೆ ತಾಗಿ ನಿಂತಿತು. ಎರಡು ಕೈ ಅದರ ಎರಡು ಬದಿಗೆ. ಲಿಫ್ಟಿನಿಂದ ಆಗಷ್ಟೇ ಇಳಿದ ಕೊರಿಯರ್ ಹುಡುಗನಿಗೆ, ಯಾರೋ ದೊಡ್ಡವರು ಪ್ರಿಂಟರಿಗೆ ಹಣೆಯೂರಿ ತಪ್ಪಾಯಿತು ಅನ್ನುತ್ತಿರುವಂತೆ ಕಂಡಿರಬೇಕು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

"ಕತ್ತರಿ ತಗೊಂಬಾರೋ!" ಎಂಬ ಕೂಗು ಪ್ರಿಂಟರಿನ ಒಳಗಿನಿಂದ ಬಂದ ಹಾಗೆ ಕೇಳಿಸಿತು. ಅಟೆಂಡರ್ ಕತ್ತರಿ ತರುವುದಕ್ಕೆ ಐದು ನಿಮಿಷವಾಯಿತು. ಕುಂಕುಮ ಹಚ್ಚಿ ದೇವರ ಫೋಟೋ ಮುಂದಿಟ್ಟಿದ್ದ ಕತ್ತರಿಯನ್ನು ಯಾರೂ ವಾಪಸ್ ತಂದಿಟ್ಟಿರಲಿಲ್ಲ.

ಮಾರನೇ ದಿನ ಟೆಕ್ನಿಷಿಯನ್ ಬಂದು ಬಿಚ್ಚಿದ. ಒಳಗೆ ಸಿಕ್ಕಿದ್ದು ಒಂದು ಐಡಿ ಕಾರ್ಡು, ಗೇಣುದ್ದ ಪಟ್ಟಿ, ಒಂದು ಕಾಳು ಕಡಲೆಪುರಿ. 1947ರ ಸೆಪ್ಟೆಂಬರ್ 9ರಂದು ಅಮೆರಿಕದಲ್ಲಿ ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರು ಕೈಕೊಟ್ಟಾಗ ಅದರ ರಿಲೇ ಎಂಬ ಸ್ವಿಚ್ಚಿನೊಳಗೆ ಒಂದು ಪತಂಗ ಸಿಕ್ಕಿತ್ತು. ಅವರು ಅದನ್ನು ಲಾಗ್ ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿದರು. ಆ ಪುಟ ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನ ಆಸ್ತಿ. ನಮ್ಮ ಕಡಲೆಪುರಿಯನ್ನು ಟೆಕ್ನಿಷಿಯನ್ ಉಫ್ ಎಂದು ಊದಿಬಿಟ್ಟ. "ರೋಲರ್ ಸವೆದಿದೆ" ಎಂದು ಹೊಸದು ಹಾಕಿ ಬಿಲ್ಲು ಕೊಟ್ಟು ಹೋದ. ಅವನು ಅತ್ತ ಹೋದ ಮೇಲೆ ಅಟೆಂಡರ್ ಯಾರಿಗೂ ಹೇಳದೆ ಊದುಬತ್ತಿ ಬೆಳಗಿ, ಬೊಟ್ಟಿಟ್ಟು, ಒಂದು ನಿಂಬೆಹಣ್ಣನ್ನೂ ಇಟ್ಟ. ಪ್ರಿಂಟರು ಓಡಿತು. ರೋಲರಿನಿಂದಲೋ ಬೊಟ್ಟಿನಿಂದಲೋ ಎಂದು ಟೀ ಹೊತ್ತಿನಲ್ಲಿ ತಿಂಗಳುಗಟ್ಟಲೆ ಚರ್ಚೆ. ಸಾಹೇಬರು ರೋಲರಿನ ಪಕ್ಷ. ಆದರೆ ಪ್ರಿಂಟರಿನ ಮುಂದೆ ಹಾದು ಹೋಗುವಾಗ ಐಡಿ ಕಾರ್ಡನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಇದನ್ನು ಹೇಳಿದರೆ ನನ್ನ ಮಗ ನಗುತ್ತಾನೆ. ಅವನ ಪ್ರಕಾರ ಎಲ್ಲದಕ್ಕೂ ಮದ್ದು ಒಂದೇ, "ರೀಸ್ಟಾರ್ಟ್ ಮಾಡಪ್ಪ." ಮಾಡಿದೆ. ಮನೆಯ ಪ್ರಿಂಟರು ಈಗ ನೀಲಿ ಶಾಯಿ ಮುಗಿದಿದೆ, ಪ್ರಿಂಟ್ ಮಾಡಲ್ಲ ಅನ್ನುತ್ತಿದೆ. ನನಗೆ ಬೇಕಾಗಿರುವುದು ಕಪ್ಪಕ್ಷರದ ಒಂದು ಅರ್ಜಿ. ಕಾಫಿಪುಡಿ ಮುಗಿದಿದೆ, ಅದಕ್ಕೆ ಮಜ್ಜಿಗೆ ಕೊಡಲ್ಲ ಅನ್ನುವ ಹೋಟೆಲನ್ನು ಎಲ್ಲಾದರೂ ನೋಡಿದ್ದೀರಾ? ನಗುವ ವಿಷಯ ಅಲ್ಲ ಇದು. ನನಗೆ ನಿಜಕ್ಕೂ ಸಿಟ್ಟಿದೆ. ಇದು ಯಂತ್ರದ ಹಟವೂ ಅಲ್ಲ. ಯಾರೋ ನಾಲ್ಕು ಜನ ಮೀಟಿಂಗಿನಲ್ಲಿ ಬಿಸ್ಕತ್ತು ತಿನ್ನುತ್ತಾ ತೀರ್ಮಾನ ಮಾಡಿದ್ದು. ನಾವು ಪೆದ್ದರ ಹಾಗೆ ಡಬ್ಬಕ್ಕೆ ಗುದ್ದುತ್ತೇವೆ, ಅವರಿಗೆ ಒಂದು ಏಟೂ ಬೀಳುವುದಿಲ್ಲ.

ಸಿದ್ಧಾಂತ ಹೇಳುತ್ತೇನೆ ಅಂದಿದ್ದೆ ಅಲ್ವಾ. ಅಷ್ಟರಲ್ಲಿ ಬಾಲ್ಕನಿಯಿಂದ ಕೂಗು ಬಂತು. "ಎಷ್ಟು ದಿನ ರೀ ಇದು ಇಲ್ಲಿ?"

ಇದು ಅಂದರೆ ಹಳೇ ಬ್ಯಾಟರಿ. ಕಬ್ಬಿಣದ ಬಕೆಟ್ಟಿನಲ್ಲಿ ಮರಳು ಹಾಕಿ ಅದರ ಮೇಲೆ ಮಲಗಿಸಿದ್ದೇನೆ. ಕಸದ ಆಟೋದವರು ದೂರದಿಂದಲೇ ನೋಡಿ, "ಇದೆಲ್ಲ ನಾವು ತಗೊಳಲ್ಲ ಸಾರ್" ಅಂದರು. ಇ-ತ್ಯಾಜ್ಯದವರು ಶನಿವಾರ ಬರುತ್ತಾರಂತೆ. ಅಲ್ಲಿಯವರೆಗೆ ನಮ್ಮ ಬಟ್ಟೆಗಳು ಟೆರೇಸಿನಲ್ಲಿ ಒಣಗುತ್ತಿವೆ. ಈಗ ಹೋಗಿ ನೋಡಿದರೆ ಬಕೆಟ್ಟಿನ ಅಂಚಿಗೆ ಒಂದು ಬೊಟ್ಟು ಕುಂಕುಮ. ಕೇಳಿದ್ದಕ್ಕೆ, "ತುಳಸಿಗೆ ಇಟ್ಟು ಬೆರಳಲ್ಲಿ ಉಳಿದಿತ್ತು, ಸುಮ್ನೆ ಒರೆಸಿದೆ" ಅಂದಳು.